ಆಯಿಲ್ ಸೋರದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಸರಿಯಿದೆ ಎಂದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಾರಿನ ಹಳೆಯ ಶಾಕ್ ಅಬ್ಸಾರ್ಬರ್ ಮಾರುವವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಆಯಿಲ್ ಲೀಕ್ ಇಲ್ಲ, ಧಾರಾಳವಾಗಿ ಹಾಕಿ.’ ಇದನ್ನು ನಂಬಿ ಕೊಂಡವರ ಕಾರು ಕೆಲವೇ ದಿನಗಳಲ್ಲಿ ಮತ್ತೆ ತೊನೆಯತೊಡಗುತ್ತದೆ. ಒಂದು ಹನಿಯೂ ಸೋರದ ಶಾಕ್ ಒಳಗೆ ಸತ್ತಿರಬಹುದು. ಆಯಿಲ್ ತುಂಬಿದ ಕೊಳವೆಯೊಳಗೆ ಏರಿಳಿಯುವ ಪಿಸ್ಟನ್ನಿನಲ್ಲಿ ಆಯಿಲ್ ಹರಿವನ್ನು ತಡೆಯುವ ವಾಲ್ವ್ ತಗಡುಗಳು ಸೋತಿದ್ದರೆ ಅಥವಾ ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಹೊರಗೆ ಬರುವುದಿಲ್ಲ, ಒಳಗೊಳಗೇ ಸುಲಭದ ದಾರಿಯಲ್ಲಿ ಹರಿದುಬಿಡುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಪಿಸ್ಟನ್ನಿನ ರಾಡ್ ಹೊರಬರುವ ಕಡೆಯ ಸೀಲಿನ ಸುತ್ತ ತುಸು ಎಣ್ಣೆ ಪಸೆ ಕಂಡೊಡನೆ ಶಾಕನ್ನು ಗುಜರಿಗೆ ಹಾಕುತ್ತಾರೆ. ರಾಡ್ ಹೊರಬರುವಾಗ ತೆಳುವಾದ ಆಯಿಲ್ ಪದರವನ್ನು ತನ್ನೊಂದಿಗೆ ತರುವುದು ಸಹಜ, ಸೀಲ್ ಒಣಗದಿರಲು ಅದು ಬೇಕೂ ಹೌದು. ಮೇಲ್ಭಾಗದಲ್ಲಷ್ಟೇ ಧೂಳು ಹಿಡಿದು ಒಣಗಿದ ಪಸೆಯಿದ್ದರೆ ಚಿಂತೆಯಿಲ್ಲ. ಕೊಳವೆಯ ಉದ್ದಕ್ಕೂ ಒದ್ದೆಯಾಗಿ ಹೊಳೆಯುವ ಗೆರೆ ಇಳಿದಿದ್ದರೆ ಅದು ಸೋರಿಕೆ. ಅನುಮಾನವಿದ್ದರೆ ಕಾರಿನಲ್ಲಿರುವಾಗಲೇ ಒರೆಸಿ, ಕೆಲವು ದಿನ ಓಡಿಸಿ ಮತ್ತೆ ನೋಡಿ. ಬಿಚ್ಚಿ ತಂದ ಶಾಕನ್ನು ಯಾರಾದರೂ ಆಗಲೇ ಒರೆಸಿಟ್ಟಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಹೊಸದಾಗಿ ಕಪ್ಪು ಬಣ್ಣ ಬಳಿದದ್ದಂತೂ ಮುಟ್ಟದಿರುವುದೇ ಲೇಸು.

ಮೊದಲು ನೋಡಬೇಕಾದದ್ದು ರಾಡನ್ನು. ರಾಡಿಗೆ ಧೂಳು ತಾಗದಂತೆ ಹಾಕಿರುವ ಗವಸನ್ನು (ಡಸ್ಟ್ ಬೂಟ್) ಮೇಲೆತ್ತಿ, ರಾಡನ್ನು ಪೂರ್ತಿ ಹೊರಗೆಳೆದು, ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ. ಉಗುರು ಆಡಿಸಿದಾಗ ಸಿಕ್ಕುವ ಗೀರು, ಕ್ರೋಮ್ ಎದ್ದ ಜಾಗ, ತುಕ್ಕಿನ ಸಣ್ಣ ಚುಕ್ಕೆ ಇವುಗಳಲ್ಲಿ ಒಂದಿದ್ದರೂ ಬೇಡ. ಪ್ರತಿ ಏರಿಳಿತದಲ್ಲೂ ಅದು ಸೀಲಿನ ತುಟಿಯನ್ನು ಕಬ್ಬಿಣ ಉಜ್ಜುವ ಅರದ ಹಾಗೆ ಕೆರೆಯುತ್ತದೆ. ಇಂಥ ಗೀರುಗಳು ಬಹುಪಾಲು ರಸ್ತೆಯಲ್ಲಿ ಆದವಲ್ಲ, ಬಿಚ್ಚುವವರ ಕೈಯಲ್ಲಿ ಆದವು. ಮೇಲಿನ ನಟ್ ತೆಗೆಯುವಾಗ ರಾಡ್ ತಿರುಗದಿರಲೆಂದು ಕ್ರೋಮ್ ಮೇಲೆಯೇ ಇಕ್ಕಳ ಕಚ್ಚಿಸುತ್ತಾರೆ. ರಾಡಿನ ತುದಿಯಲ್ಲಿ ಅಲನ್ ಕೀಗೋ ಸ್ಪ್ಯಾನರಿಗೋ ಜಾಗ ಇರುವುದೇ ಅದಕ್ಕೆಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ರಾಡ್ ತಿರುಗಿಸುವಾಗ ತುದಿ ಓಲಾಡಿದರೆ ಅದು ಬಾಗಿದೆ ಎಂದರ್ಥ. ಅಪಘಾತವಾದ ಕಾರಿನ ಶಾಕ್‌ಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಆಮೇಲೆ ಕೈಪರೀಕ್ಷೆ. ಒಂದರೊಳಗೊಂದು ಎರಡು ಕೊಳವೆಯಿರುವ ಶಾಕನ್ನು ಮಲಗಿಸಿಟ್ಟರೆ ಹೊರಕೊಳವೆಯಲ್ಲಿರುವ ಗಾಳಿ ಅಥವಾ ಗ್ಯಾಸ್ ಒಳಕೊಳವೆಗೆ ನುಸುಳಿಕೊಳ್ಳುತ್ತದೆ. ಹಾಗಾಗಿ ರಾಡ್ ಮೇಲಿರುವಂತೆ ನಿಲ್ಲಿಸಿ, ಐದಾರು ಸಲ ನಿಧಾನವಾಗಿ ಪೂರ್ತಿ ಒತ್ತಿ, ಪೂರ್ತಿ ಎಳೆದ ಮೇಲೆಯೇ ತೀರ್ಮಾನಕ್ಕೆ ಬನ್ನಿ. ಬಳಿಕ ಎಳೆತ ಉದ್ದಕ್ಕೂ ಒಂದೇ ಬಿಗಿಯಲ್ಲಿರಬೇಕು. ಸಾಮಾನ್ಯವಾಗಿ ಒತ್ತುವುದಕ್ಕಿಂತ ಎಳೆಯುವುದೇ ಬಿಗಿ. ದಿಕ್ಕು ಬದಲಿಸಿದಾಗ ಒಂದಿಷ್ಟು ದೂರ ಸಡಿಲವಾಗಿ ಜಾರಿ ಆಮೇಲೆ ಬಿಗಿಯಾದರೆ ಆಯಿಲ್ ಕಡಿಮೆಯಾಗಿದೆ ಅಥವಾ ವಾಲ್ವ್ ಹೋಗಿದೆ. ನಡುವೆ ಸಿಕ್ಕಿಕೊಂಡರೂ, ಒಳಗೆ ಟಕ್ ಎಂದರೂ ಬಿಡಿ. ಕೈಬಿಟ್ಟಾಗ ರಾಡ್ ತಾನಾಗಿ ಮೇಲೆ ಬರಲಿಲ್ಲವೆಂದು ಎಲ್ಲವನ್ನೂ ಕೆಟ್ಟದ್ದೆನ್ನುವಂತಿಲ್ಲ. ಗ್ಯಾಸ್ ಇಲ್ಲದ, ಬರೀ ಆಯಿಲ್ ಇರುವ ಶಾಕಿನ ರಾಡ್ ಬರುವುದೇ ಇಲ್ಲ. ಕಡಿಮೆ ಒತ್ತಡದ ಗ್ಯಾಸ್ ಇರುವುದರಲ್ಲಿ ನಿಧಾನಕ್ಕೆ ಬರುತ್ತದೆ. ಒಂದೇ ಕೊಳವೆಯ, ಹೆಚ್ಚು ಒತ್ತಡದ ಶಾಕಿನಲ್ಲಿ ಮಾತ್ರ ಜೋರಾಗಿ ಬರಲೇಬೇಕು. ಬಾರದಿದ್ದರೆ ಗ್ಯಾಸ್ ಖಾಲಿ.

ಇಷ್ಟೆಲ್ಲ ಮಾಡಿದರೂ ಕೈಪರೀಕ್ಷೆ ಕೆಟ್ಟದ್ದನ್ನು ಹಿಡಿದುಕೊಡುತ್ತದೆಯೇ ಹೊರತು ಒಳ್ಳೆಯದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ. ಚಕ್ರ ಗುಂಡಿಗೆ ಬಿದ್ದಾಗ ಪಿಸ್ಟನ್ ವೇಗ ಸೆಕೆಂಡಿಗೆ 1 ಮೀಟರ್ ದಾಟಬಹುದು. ಅಷ್ಟು ವೇಗದಲ್ಲಿ ಕೆಲಸ ಮಾಡುವ ವಾಲ್ವ್, ನಾವು ಕೈಯಲ್ಲಿ ಎಳೆಯುವಾಗ ಸರಿಯಾಗಿ ತೆರೆಯುವುದೇ ಇಲ್ಲ. ಅದನ್ನು ಅಳೆಯಲು, ಶಾಕನ್ನು ವೇಗವಾಗಿ ಒತ್ತಿ ಎಳೆದು ಅದರ ಬಿಗಿ ಅಳೆಯುವ ಡೈನೋ ಯಂತ್ರವೇ ಬೇಕು. ಕಾರಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆಗೂ ಇದೇ ಮಿತಿ, ಪೂರ್ತಿ ಸತ್ತ ಶಾಕ್ ಮಾತ್ರ ಅದರಲ್ಲಿ ಸಿಕ್ಕಿಬೀಳುತ್ತದೆ. ಟೈರ್ ಮೇಲೆ ಅಲ್ಲಲ್ಲಿ ತಗ್ಗು ಬಿದ್ದ ಸವೆತವನ್ನು ನಾವು ಹೆಚ್ಚು ನಂಬುತ್ತೇವೆ, ಅದಕ್ಕೆ ಬೇರೆ ಕಾರಣಗಳೂ ಇರಬಹುದಾದರೂ.

ಕೊಳವೆಯ ತಗ್ಗಿನ ವಿಷಯ. ಒಂದೇ ಕೊಳವೆಯ ಶಾಕಿನಲ್ಲಿ ಪಿಸ್ಟನ್ ಆ ಗೋಡೆಗೇ ತಾಗಿ ಓಡುವುದರಿಂದ ಸಣ್ಣ ತಗ್ಗಾದರೂ ಬೇಡ. ಎರಡು ಕೊಳವೆಯದರಲ್ಲಿ ಹೊರಗಿನ ತೀರ ಸಣ್ಣ ತಗ್ಗು ನಡೆದೀತು. ಸ್ಟ್ರಟ್ (ಸ್ಪ್ರಿಂಗನ್ನೂ ತನ್ನ ಮೇಲೆ ಹೊರುವ ಶಾಕ್) ಆದರೆ ಸ್ಪ್ರಿಂಗ್ ಕೂರುವ ತಟ್ಟೆಯ ಅಡಿಯನ್ನು, ವೆಲ್ಡಿಂಗ್ ಅಂಚನ್ನು ವೈರ್ ಬ್ರಷ್‌ನಿಂದ ಉಜ್ಜಿ ನೋಡಿ. ಪದರ ಪದರವಾಗಿ ಏಳುವ ತುಕ್ಕಿದ್ದರೆ ಒಳಗಿನ ಭಾಗ ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ. ಆ ತಟ್ಟೆ ಮುರಿದರೆ ಸ್ಪ್ರಿಂಗ್ ಟೈರನ್ನೇ ಸೀಳಬಹುದು. ಶಾಕನ್ನು ಬೋಲ್ಟಿನಿಂದ ಕೂರಿಸುವ ಜಾಗದ ರಬ್ಬರ್ ಬುಶ್ ಬಿರುಕು ಬಿಟ್ಟಿದ್ದರೆ ಅಷ್ಟು ದೊಡ್ಡ ದೋಷವಲ್ಲ, ಬುಶ್ ಬಿಡಿಯಾಗಿ ಸಿಗುವಂತಿದ್ದರೆ ಬದಲಿಸಬಹುದು.

ಒಂದೇ ಆಕ್ಸಲ್‌ನ ಎರಡೂ ಬದಿಗೆ ಒಂದೇ ಕಾರಿನಿಂದ ಬಂದ ಜೋಡಿಯೇ ಆಗಬೇಕು. ಒಂದು ಹೊಸದು, ಒಂದು ಹಳೆಯದು ಬೇಡ. ಪಾರ್ಟ್ ನಂಬರ್ ಹೋಲಿಸಿ, ಪೆಟ್ರೋಲ್ ಮತ್ತು ಡೀಸೆಲ್ ಮಾದರಿಗಳ ಮುಂದಿನ ಸ್ಟ್ರಟ್ ನೋಡಲು ಒಂದೇ ಆಗಿದ್ದು ಒಳಗೆ ಬೇರೆ ಇರಬಹುದು. ಬ್ರೇಕ್ ಹೋಸ್ ಹಿಡಿಯುವ ಪಟ್ಟಿ ಎಡಕ್ಕೆ, ಬಲಕ್ಕೆ ಬೇರೆಯಿರುವುದೂ ಉಂಟು.

ಜೋಡಿಸುವಾಗ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಮೆತ್ತೆ), ಡಸ್ಟ್ ಬೂಟ್, ಲಾಕ್ ನಟ್ ಹೊಸದೇ ಇರಲಿ. ಸ್ಪ್ರಿಂಗ್ ಕಂಪ್ರೆಸರ್‌ನಿಂದ ಸ್ಪ್ರಿಂಗನ್ನು ಅದುಮಿ ಹಿಡಿಯದೆ ಮೇಲಿನ ನಟ್ ಬಿಚ್ಚಲೇಬಾರದು, ಹಾಗೆ ಬಿಚ್ಚಿದರೆ ಪ್ರಾಣಕ್ಕೇ ಅಪಾಯ. ಕೆಳಗಿನ ಬುಶ್ ಬೋಲ್ಟನ್ನು ಕಾರು ಜ್ಯಾಕ್ ಮೇಲಿರುವಾಗಲೇ ಬಿಗಿ ಮಾಡಿ ಮುಗಿಸಬೇಡಿ. ಕಾರಿನ ಭಾರ ಚಕ್ರದ ಮೇಲೆ ಕುಳಿತ ಬಳಿಕ ಕೊನೆಯ ಬಿಗಿ ಕೊಡಿ, ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಟ್ರಟ್ ಬಿಚ್ಚಿ ಹಾಕಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಬೇಡವಾದ ಗ್ಯಾಸ್ ಶಾಕನ್ನು ಗುಜರಿಗೆ ಕೊಡುವಾಗ ಒಳಗೆ ಒತ್ತಡವಿದೆ ಎಂದು ಹೇಳಿಯೇ ಕೊಡಿ. ಅದನ್ನು ಕತ್ತರಿಸುವುದಾಗಲಿ ಬೆಂಕಿಗೆ ಹಿಡಿಯುವುದಾಗಲಿ ಕೂಡದು.

ಇಂತಿ,
ಸಸ್ಪೆನ್ಷನ್ ಕೆಲಸದ ಮೆಕ್ಯಾನಿಕ್‌ಗಳು