ಹೆಸರು ಬರೆಯೋಕಾಗದ ಡ್ರೈವರಣ್ಣನಿಗೆ

ಮೊನ್ನೆ ಭಾನುವಾರ ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಮಣಿಪುರದಲ್ಲಿ ಶೂಟ್ ಮಾಡಿದ ನಮ್ಮ ಡಾಕ್ಯುಮೆಂಟರಿ ತೋರ್ಸಿದ್ವಿ. ಆ ಮಳೇಲೂ ತೀರ್ಥಹಳ್ಳಿ, ಸಾಗರ, ಹೊಸನಗರದಿಂದ ಬಸ್ ಹತ್ತಿ ಬಂದು ಕೊನೆ ತನಕ ಕೂತಿದ್ರಲ್ಲ, ನಿಮಗೆಲ್ಲ ದೊಡ್ಡ ನಮಸ್ಕಾರ. ಎಡಿಟಿಂಗಿಗೆ ಮನೆ ಮಹಡಿ ಬಿಟ್ಟುಕೊಟ್ಟ ಚಿಕ್ಕಪ್ಪ, ದುಡ್ಡು ಹಾಕಿದ ಕಾಲೇಜ್ ಫ್ರೆಂಡ್ಸ್, ಫಿಸಿಯೋಥೆರಪಿಗೆ ಬೈಕಲ್ಲಿ ಕರ್ಕೊಂಡು ಹೋಗ್ತಿದ್ದ ತಮ್ಮ, ಯಾರನ್ನೂ ಮರ್ತಿಲ್ಲ. ಶೂಟಿಂಗ್ ಟೈಮಲ್ಲಿ ನನ್ನ ಕಾಲಿಗೆ ಗಾಯ ಆಗಿದ್ದು ಹೇಗೆ ಅಂತ ನಿಮಗೆಲ್ಲ ಗೊತ್ತಿರೋದೇ, ಮತ್ತೆ ಬರೆಯಲ್ಲ.

ಶೋ ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದ್ಲು, 'ಕಾರಲ್ಲಿ ಸ್ಟೀರಿಂಗ್ ಮೇಲೆ ಕೈ ಮಾತ್ರ ಕಾಣುತ್ತಲ್ಲ, ಅವ್ರು ಯಾರು?' ಅಂತ. ಸ್ಟೇಜ್ ಮೇಲೆ ನಂಗೆ ಮಾತೇ ಹೊರಡ್ಲಿಲ್ಲ. ಈಗ ಹೇಳ್ತೀನಿ.

2023ರ ಮೇ 3ಕ್ಕೆ ಮಣಿಪುರ ಹೊತ್ಕೊಂಡ ಮೇಲೆ ಕಣಿವೆಯ ಮೈತೇಯಿ ಜನ ಬೆಟ್ಟಕ್ಕೆ ಹೋಗೋ ಹಾಗಿಲ್ಲ, ಬೆಟ್ಟದ ಕುಕಿ ಜನ ಕಣಿವೆಗೆ ಇಳಿಯೋ ಹಾಗಿಲ್ಲ. ಇಂಫಾಲದಿಂದ ಚುರಾಚಾಂದ್‌ಪುರ ಹೆಚ್ಚುಕಮ್ಮಿ 60 ಕಿಲೋಮೀಟರ್, ನಮ್ಮ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋದಷ್ಟೇ ದೂರ, ಆದ್ರೆ ಆ ದಾರೀಲಿ ಎರಡೂ ಕಡೆ ದಾಟ್ತಾ ಇದ್ದೋರು ಈ ಜಗಳದಲ್ಲಿ ಯಾವ ಕಡೆಗೂ ಸೇರದ, ಮಣಿಪುರದವರೇ ಆದ ಪಾಂಗಲ್ ಮುಸ್ಲಿಂ ಡ್ರೈವರ್‌ಗಳು. ನಮ್ಮ ಡ್ರೈವರಣ್ಣ ಅವರಲ್ಲೊಬ್ರು. ದಾರೀಲಿ ತಪಾಸಣೆಯ ಗೇಟ್ ಗೇಟಿಗೂ ಇಳ್ಸಿ ಆಧಾರ್ ನೋಡ್ತಿದ್ರು, ಕ್ಯಾಮೆರಾ ಬ್ಯಾಗ್ ಬಿಚ್ಚಿಸ್ತಿದ್ರು, ಪ್ರತಿ ಸಲ ಮೊದಲು ಇಳಿದು ಮಾತಾಡ್ತಿದ್ದಿದ್ದು ಅವ್ರೇ.

ನಂಗೆ ಗಾಯ ಆಗೋ ಹಿಂದಿನ ರಾತ್ರಿ ಚಹಾ ಕುಡೀತಾ ಅವರಿಗೆ ಟೂರ್ನಿಕೆ, ಅಂದ್ರೆ ರಕ್ತ ನಿಲ್ಲಿಸೋಕೆ ಬಿಗಿಯೋ ಪಟ್ಟಿ, ಕಟ್ಟೋದು ತೋರ್ಸಿದ್ದೆ. ಟಿಮ್ ಹೆದರಿಂಗ್ಟನ್ ಅನ್ನೋ ಡಾಕ್ಯುಮೆಂಟರಿ ನಿರ್ದೇಶಕ 2011ರ ಏಪ್ರಿಲ್ 20ಕ್ಕೆ ಲಿಬಿಯಾದ ಮಿಸ್ರಾತದಲ್ಲಿ ಯುದ್ಧದ ನಡುವೆ ಗಾಯಗೊಂಡು ರಕ್ತ ಹೋಗಿ ಸತ್ರು, ಆಮೇಲೆ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ಫ್ರೀಲಾನ್ಸರ್‌ಗಳಿಗೆ ಪ್ರಥಮ ಚಿಕಿತ್ಸೆ ಕಲಿಸೋಕಂತಲೇ ಸಂಸ್ಥೆ ಶುರು ಮಾಡಿದ್ರು, ಆ ಕಥೆ ಹೇಳಿ ಗಾಯದ ಮೇಲ್ಗಡೆ ಬಿಗೀಬೇಕು, ಕಟ್ಟಿದ ಟೈಮ್ ಬರೀಬೇಕು ಅಂದಿದ್ದೆ. ಅವ್ರು ಏನೂ ಮಾತಾಡದೆ ತಮ್ಮ ತೊಡೆಗೇ ಎರಡು ಸಲ ಕಟ್ಟಿ ಬಿಚ್ಚಿದ್ರು.

ಮಾರನೇ ಸಂಜೆ ಅದೇ ಕೈ ನನ್ನ ತೊಡೆ ಬಿಗೀತು. ಅಂಗೈ ಮೇಲೆ 7.40 ಅಂತ ಬರೆಯೋಕೆ ಹೋದ್ರೆ ರಕ್ತಕ್ಕೆ ಪೆನ್ನು ಹತ್ತಲಿಲ್ಲ, ಅಂಗಿ ಚುಂಗಲ್ಲಿ ನನ್ನ ಕೈ ಒರೆಸಿ ಒತ್ತಿ ಒತ್ತಿ ಮತ್ತೆ ಬರೆದ್ರು. ಹೆಡ್‌ಲೈಟ್ ಹಾಕದೆ ಗಾಡಿ ಓಡಿಸಿ 9 ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದ್ರು. ಮನೆಗೆ ಹೋಗ್ಬಹುದಿತ್ತು, ಹೋಗ್ಲಿಲ್ಲ. ರಾತ್ರಿಯೆಲ್ಲ ಮಂಚದ ಪಕ್ಕ ನೆಲದ ಮೇಲೆ ಕೂತಿದ್ರು.

ಛತ್ತೀಸಗಢದ ದಂತೇವಾಡದಲ್ಲಿ 2018ರ ಅಕ್ಟೋಬರ್ 30ಕ್ಕೆ ದೂರದರ್ಶನದ ಕ್ಯಾಮೆರಾಮನ್ ಅಚ್ಯುತಾನಂದ ಸಾಹು ನಕ್ಸಲರ ದಾಳೀಲಿ ತೀರ್ಕೊಂಡ್ರಲ್ಲ, ಅವರ ಜೊತೆಗಿದ್ದ ಸಹಾಯಕರು ಗುಂಡಿನ ಸದ್ದಿನ ನಡುವೆ ನೆಲಕ್ಕೊರಗಿ ಅಮ್ಮನಿಗೆ ಅಂತ ವಿಡಿಯೋ ಮಾಡಿಟ್ಟಿದ್ರು. ಆಸ್ಪತ್ರೇಲಿ ಆ ರಾತ್ರಿ ನಂಗೆ ಅದೇ ತಲೇಲಿ, ಅಮ್ಮ ಅಮ್ಮ ಅಂತಿದ್ನಂತೆ. ಡ್ರೈವರಣ್ಣನೇ ನನ್ನ ಫೋನಿಂದ ಮನೆಗೆ ಹಚ್ಚಿದ್ರು. ಅಮ್ಮನಿಗೆ ಹಿಂದಿ ಬರಲ್ಲ, ಅವರಿಗೆ ಕನ್ನಡ ಬರಲ್ಲ. 'ನೀನು ಊಟ ಮಾಡಿದ್ಯಾ ಮಗಾ, ಅವನ್ನ ಬಿಟ್ಟು ಹೋಗ್ಬೇಡ ಮಾರಾಯಾ' ಅಂತ ಅಮ್ಮ, 'ಠೀಕ್ ಹೈ ಅಮ್ಮಾ, ಠೀಕ್ ಹೈ' ಅಂತ ಅವ್ರು. ಹತ್ತು ನಿಮಿಷ ಇದೇ.

ಒಂದು ಮಾತು ಯಾರಿಗೂ ಹೇಳಿಲ್ಲ. ಅವತ್ತು ನನ್ನ ಮೈ ಮೇಲೆ ಪ್ರೆಸ್ ಅಂತ ಬರೆದ ಬುಲೆಟ್‌ಪ್ರೂಫ್ ಜಾಕೆಟ್ ಇತ್ತು, ಹೆಲ್ಮೆಟ್ ಇತ್ತು. ಅವರ ಮೈ ಮೇಲೆ ಅರ್ಧ ತೋಳಿನ ಅಂಗಿ. ಇನ್ನೊಂದು ಜಾಕೆಟ್ಟಿಗೆ ಬಜೆಟ್ ಇಲ್ಲ ಅಂತ ಲೆಕ್ಕ ಹಾಕಿದ್ದು ನಾನೇ. ತಪ್ಪಾಯ್ತು ಅಣ್ಣಾ. ನಾನು ವಿಮಾನ ಹತ್ತಿ ಊರಿಗೆ ಬಂದೆ, ಅವ್ರು ಮುಂದಿನ ವಾರ ಮತ್ತೆ ಅದೇ ದಾರೀಲಿ ಗಾಡಿ ಓಡಿಸಿದ್ರು. ಸಿನಿಮಾದಲ್ಲಿ ಅವರ ಮುಖ, ದನಿ, ನಂಬರ್ ಪ್ಲೇಟ್ ಎಲ್ಲ ತೆಗೆದ್ವಿ, ಟೈಟಲ್ ಕಾರ್ಡಲ್ಲೂ ಹೆಸರಿಲ್ಲ, ಯಾಕಂದ್ರೆ ಸಿನಿಮಾ ನೋಡಿ ಯಾರಿಗಾದ್ರೂ ಸಿಟ್ಟು ಬಂದ್ರೆ ಕೈಗೆ ಸಿಗೋದು ನಾನಲ್ಲ, ಅವ್ರು.

ನಿನ್ನೆ ಫೋನ್ ಮಾಡಿದ್ದೆ. ಜನ ಬಂದ್ರಾ, ಕಾಲು ಹೇಗಿದೆ, ಅಮ್ಮ ಹೇಗಿದಾರೆ ಅಂತ ಕೇಳಿದ್ರು. ಅಮ್ಮ ಅವರಿಗೆ ಅಂತಲೇ ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದಿಟ್ಟಿದಾಳೆ. ನಮ್ಮ ಕಡೆಯಿಂದ ಯಾರಾದ್ರೂ ಇಂಫಾಲಕ್ಕೆ ಹೋಗೋರಿದ್ರೆ ಹೇಳಿ, ಚೆಲ್ಲದ ಹಾಗೆ ಪ್ಯಾಕ್ ಮಾಡಿ ಬಸ್ ಸ್ಟ್ಯಾಂಡಿಗೇ ತಂದು ಕೊಡ್ತೀನಿ.