ಎಂಜಿನ್ ಅಳವಡಿಕೆ ಕಿಟ್‌ನ ಅಳತೆ ದೋಷ ಹಾಗೂ ಅಪಾಯಕಾರಿ ಸಲಹೆಯ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಎಂಜಿನ್ ಅಳವಡಿಕೆ ಕಿಟ್ ತಯಾರಿಕಾ ಸಂಸ್ಥೆ

ವಿಷಯ: ಹೋಂಡಾ ಟಿಆರ್‌ಎಕ್ಸ್ 250ಆರ್ ಕ್ವಾಡ್‌ಗೆ (ನಾಲ್ಕು ಚಕ್ರದ ಆಫ್-ರೋಡ್ ಗಾಡಿ) ಹೋಂಡಾದ ಸಿಆರ್ 500ಆರ್ ಬೈಕಿನ ಎಂಜಿನ್ ಕೂರಿಸುವ ನಿಮ್ಮ ಕಿಟ್ – ಸರಿಯಾದ ಭಾಗಗಳು ಅಥವಾ ಪೂರ್ತಿ ಹಣ ವಾಪಸ್ ಕೋರಿ

ಮಾನ್ಯರೇ,

1986ರಿಂದ 1989ರವರೆಗಿನ ಟಿಆರ್‌ಎಕ್ಸ್ 250ಆರ್ ಚಾಸಿಗಾಗಿ ನೀವು ಮಾರುತ್ತಿರುವ ಕಿಟ್‌ನ ಪೆಟ್ಟಿಗೆಯ ಮೇಲೆ ‘ಕತ್ತರಿಸುವುದು ಬೇಡ, ವೆಲ್ಡಿಂಗ್ ಬೇಡ, ಬೋಲ್ಟ್ ಹಾಕಿದರೆ ಸಾಕು’ ಎಂದು ಅಚ್ಚಾಗಿದೆ. ನಮಗೆ ಬಂದ ಕಿಟ್ ಹಾಗೆ ಕೂರುವುದಿಲ್ಲ. ಅದನ್ನು ತಿಳಿಸಿದಾಗ ನಿಮ್ಮ ತಾಂತ್ರಿಕ ಸಹಾಯ ವಿಭಾಗದಿಂದ ಬಂದ ಉತ್ತರ: ‘ಬೋಲ್ಟ್ ಬಿಗಿ ಮಾಡಿ, ಸಂದು ತಾನಾಗಿ ಮುಚ್ಚುತ್ತದೆ.’ ಅಳತೆ ತಪ್ಪುವುದು ಯಾವ ಕಾರ್ಖಾನೆಯಲ್ಲಾದರೂ ಆಗಬಹುದು. ಆದರೆ ಈ ಸಲಹೆಯನ್ನು ನಂಬಿದವರ ಎಂಜಿನ್‌ನ ಹೊರಕವಚವಾದ ಕ್ರ್ಯಾಂಕ್‌ಕೇಸ್ ಒಡೆಯುತ್ತದೆ. ಈ ಪತ್ರ ಬರೆಯಲು ಮುಖ್ಯ ಕಾರಣ ಅದೇ.

ಮೊದಲು ಮುಂದಿನ ಮೌಂಟ್, ಅಂದರೆ ಎಂಜಿನ್ ಅನ್ನು ಚಾಸಿಗೆ ಬೋಲ್ಟ್ ಹಾಕಿ ಹಿಡಿಸುವ ಜಾಗ. ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ಸಡಿಲವಾಗಿ ತೊಡಿಸಿ, ಸ್ವಿಂಗ್ ಆರ್ಮ್ (ಹಿಂದಿನ ಆಕ್ಸಲ್ ಹೊತ್ತ ತೋಳು) ತಿರುಗುವ ಪಿವೋಟ್ ಬೋಲ್ಟನ್ನು ಮಾತ್ರ ಬಿಗಿದು, ಆಮೇಲೆ ಬೋಲ್ಟ್ ತೂರುವ ಎಂಜಿನ್ ಚಾಚಾದ ಮುಂದಿನ ಲಗ್‌ನ ಎರಡೂ ಬದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆದೆವು. ಎಂಜಿನ್‌ನ ಲಗ್, ಎರಡು ಸ್ಪೇಸರ್ (ಸಂದು ತುಂಬುವ ಬಳೆ) ಮತ್ತು ಎರಡು ಪ್ಲೇಟ್‌ಗಳ ದಪ್ಪ ಕೂಡಿದರೆ ಚಾಸಿಯ ಕಿವಿಗಳ (ಬೋಲ್ಟ್ ಹಿಡಿಯುವ ಪಟ್ಟಿಗಳ) ನಡುವಿನ ಒಳ ಅಗಲಕ್ಕೆ ಸಮನಾಗಬೇಕು. ನಿಮ್ಮ ಸ್ಪೇಸರ್‌ಗಳಲ್ಲಿ ಒಟ್ಟು 3 ಮಿ.ಮೀ. ಸಂದು ಉಳಿಯುತ್ತದೆ, ಅದೂ ಪೂರ್ತಿ ಎಡಗಡೆಯೇ. ನಿಮ್ಮ ಕೈಪಿಡಿಯ ಚಿತ್ರದಲ್ಲಿರುವ ಸ್ಪೇಸರ್ ಉದ್ದಕ್ಕೂ ಪೆಟ್ಟಿಗೆಯಲ್ಲಿ ಬಂದ ಸ್ಪೇಸರ್ ಉದ್ದಕ್ಕೂ ತಾಳೆಯಿಲ್ಲ.

ಈ ಸಂದನ್ನು ಬೋಲ್ಟ್ ಬಿಗಿದು ಮುಚ್ಚಿದರೆ ಏನಾಗುತ್ತದೆ? ಉಕ್ಕಿನ ಪ್ಲೇಟ್ ಅಷ್ಟು ಸುಲಭವಾಗಿ ಬಾಗುವುದಿಲ್ಲ. ಎಳೆತವೆಲ್ಲ ಅಲ್ಯೂಮಿನಿಯಂ ಲಗ್‌ನ ಬುಡಕ್ಕೆ ಹೋಗುತ್ತದೆ. 491 ಸಿಸಿಯ ಈ ಒಂಟಿ ಸಿಲಿಂಡರ್ ಟೂ ಸ್ಟ್ರೋಕ್‌ಗೆ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. ಮೊದಲೇ ಎಳೆತದಲ್ಲಿರುವ ಲಗ್ ಮೇಲೆ ಪ್ರತಿ ಸುತ್ತಿನ ನಡುಕವೂ ಬಂದು ಬೀಳುತ್ತದೆ. ಬಿರುಕು ಬಿಡುವುದು ಸ್ಟ್ಯಾಂಡ್ ಮೇಲೆ ಎಂಜಿನ್ ಓಡಿಸುವಾಗ ಅಲ್ಲ, ಗಾಡಿ ಜೋರಾಗಿ ಓಡುತ್ತಿರುವಾಗ. ಈ ಎಂಜಿನ್ 2001ರ ಮಾದರಿಯೊಂದಿಗೆ ನಿಂತುಹೋಯಿತು. ಒಡೆದ ಕೇಸ್‌ಗೆ ಬದಲಿ ಹುಡುಕುವುದು ಎಷ್ಟು ಕಷ್ಟವೆಂದು ಈ ವ್ಯವಹಾರದಲ್ಲಿರುವ ನಿಮಗೆ ಹೇಳಬೇಕಾಗಿಲ್ಲ. ಬೋಲ್ಟ್ ಬೆರಳಿನಿಂದ ತಳ್ಳಿದರೆ ಒಳಹೋಗಬೇಕು, ಸಂದು ಇದ್ದಲ್ಲಿ ಅಳತೆಗೆ ಕಡೆದ ಸ್ಪೇಸರ್ ಬೇಕು, ಆಮೇಲೆಯೇ ಬಿಗಿಯಬೇಕು. ಕೈಪಿಡಿಯಲ್ಲಿ ಈ ಮೂರರಲ್ಲಿ ಒಂದೂ ಇಲ್ಲ, ಟಾರ್ಕ್ ಅಂಕಿಯೂ ಇಲ್ಲ. ಬೋಲ್ಟ್‌ಗಳು 10.9 ಬಲದ ದರ್ಜೆಯವು ಎಂದು ಬರೆದಿದ್ದೀರಿ. ಬಂದ ಬೋಲ್ಟ್‌ಗಳ ತಲೆಯ ಮೇಲೆ ಯಾವ ಗುರುತೂ ಇಲ್ಲ.

ಎರಡನೆಯದು ಚೈನ್ ಸಾಲು. ಹಿಂದಿನ ಸ್ಪ್ರಾಕೆಟ್ ಮೇಲೆ ನೇರಪಟ್ಟಿ ಇಟ್ಟು ನೋಡಿದರೆ ಎಂಜಿನ್ ಸ್ಪ್ರಾಕೆಟ್ 5 ಮಿ.ಮೀ. ಒಳಕ್ಕಿದೆ. 1 ಮಿ.ಮೀ. ವ್ಯತ್ಯಾಸವನ್ನು ಚೈನ್ ತಡೆದುಕೊಳ್ಳುತ್ತದೆ, 5 ಅನ್ನು ತಡೆಯುವುದಿಲ್ಲ. ಕ್ವಾಡ್‌ನಲ್ಲಿ ಹಿಂದಿನ ಸ್ಪ್ರಾಕೆಟ್ ಹಬ್‌ನ ಜಾಗ ಆಕ್ಸಲ್ ಮೇಲೆ ನಿಗದಿಯಾಗಿರುವುದರಿಂದ ಎಂಜಿನ್ನೇ ಅದರ ಸಾಲಿಗೆ ಬರಬೇಕು. ಅಂದರೆ ಪಿವೋಟ್‌ನ ಎಡ-ಬಲ ಬುಷ್‌ಗಳ ಉದ್ದ ಬದಲಾಗಬೇಕು. ಇದಕ್ಕೆ ನಿಮ್ಮವರು ಹೇಳಿದ ಪರಿಹಾರ, ಹಿಂದಿನ ಸ್ಪ್ರಾಕೆಟ್ ಮತ್ತು ಹಬ್ ನಡುವೆ ವಾಷರ್ ಹಾಕುವುದು. ಹಾಗೆ ಮಾಡಿದರೆ ಸ್ಪ್ರಾಕೆಟ್ ಹಬ್‌ನ ಮೆಟ್ಟಿಲಿನಿಂದ ಹೊರಬಂದು ಬರೀ ಬೋಲ್ಟ್‌ಗಳ ಮೇಲೆ ತೂಗುತ್ತದೆ, ಬೋಲ್ಟ್ ಬಾಗುತ್ತದೆ, ರಂಧ್ರ ಮೊಟ್ಟೆಯಾಕಾರವಾಗುತ್ತದೆ. ಕಳಚಿದ ಚೈನ್ ಎಂಜಿನ್ ಸ್ಪ್ರಾಕೆಟ್ ಬಳಿ ಮುದ್ದೆಯಾದರೆ ಕೇಸ್ ಒಡೆಯಬಹುದು, ಆಕ್ಸಲ್ ಲಾಕ್ ಆಗಬಹುದು. ಕ್ವಾಡ್‌ನಲ್ಲಿ ಎರಡೂ ಹಿಂಚಕ್ರ ಒಂದೇ ಆಕ್ಸಲ್ ಮೇಲಿರುವುದರಿಂದ ಎರಡೂ ಒಟ್ಟಿಗೆ ನಿಲ್ಲುತ್ತವೆ. ಸವಾರ ಎಲ್ಲಿಗೆ ಹೋಗಿ ಬೀಳುತ್ತಾನೆಂದು ಯೋಚಿಸಿ.

ಕಿಟ್‌ನಲ್ಲಿ ಬಂದ ಸ್ಪ್ರಾಕೆಟ್ ಜೋಡಿ 14 ಮತ್ತು 49 ಹಲ್ಲಿನದು. ಇದು ಬೈಕಿಗೆ ಹೊಂದುವ ಅನುಪಾತ, ಕ್ವಾಡ್‌ಗಲ್ಲ. ಬೈಕಿನ 110/100-18 ಅಳತೆಯ ಟೈರಿನ ಎತ್ತರ ಸುಮಾರು 677 ಮಿ.ಮೀ.; ಕ್ವಾಡ್‌ನ 20 ಇಂಚಿನ ಟೈರಿನದು 508. ಅದೇ ವೇಗಕ್ಕೆ ಅದೇ ಆರ್‌ಪಿಎಂ ಬೇಕಾದರೆ 3.5ರ (49÷14) ಅನುಪಾತ ಸುಮಾರು 2.63ಕ್ಕೆ ಇಳಿಯಬೇಕು, ಅಂದರೆ 14 ಮತ್ತು 37. ನೆಲದಿಂದ ಅಂತರದ ಪ್ರಶ್ನೆಯೂ ಇದೆ: 520 ಅಳತೆಯ ಚೈನ್‌ಗೆ 49 ಹಲ್ಲಿನ ಸ್ಪ್ರಾಕೆಟ್ 37ರದ್ದಕ್ಕಿಂತ ಸರಿಸುಮಾರು 30 ಮಿ.ಮೀ. ಕೆಳಗೆ ಇಳಿಯುತ್ತದೆ. ಕಲ್ಲಿನ ದಾರಿಯಲ್ಲಿ ಮೊದಲ ಏಟು ಬೀಳುವುದು ಅದಕ್ಕೇ.

ಸಿಲಿಂಡರ್ ಹೆಡ್ ಅನ್ನು ಚಾಸಿಗೆ ಹಿಡಿಸುವ ಹೆಡ್ ಸ್ಟೇಯನ್ನು ನೀವು ‘ಬೇಕಿದ್ದರೆ ಮಾತ್ರ’ ಎಂಬ ಪಟ್ಟಿಯಲ್ಲಿ ಇಟ್ಟಿರುವುದು ನಮಗೆ ಅರ್ಥವಾಗಲೇ ಇಲ್ಲ. ಅದಿಲ್ಲದಿದ್ದರೆ ಎಂಜಿನ್ ಕೆಳಗಿನ ಬೋಲ್ಟ್‌ಗಳ ಮೇಲೆ ಹಿಂದೆ ಮುಂದೆ ತೂಗಾಡಿ ಚಾಸಿಯ ಕಿವಿಗಳ ವೆಲ್ಡ್ ಅಂಚಿನಲ್ಲಿ ಬಿರುಕು ತರುತ್ತದೆ. ಅದು ಕಿಟ್‌ನ ಒಳಗೇ ಇರಬೇಕು, ಸಿಲಿಂಡರ್ ಹೆಡ್‌ನ ಎರಡೂ ಬದಿಗೆ.

ಇನ್ನೆರಡು ಮಾತು. ಹೆಬ್ಬೆರಳ ಥ್ರಾಟಲ್‌ಗೆಂದು ಕೊಟ್ಟ ಕೇಬಲ್ ಪೂರ್ತಿ ಒತ್ತಿದಾಗಲೂ 31 ಮಿ.ಮೀ. ಮಾತ್ರ ಎಳೆಯುತ್ತದೆ. 38 ಮಿ.ಮೀ. ಕಾರ್ಬ್ಯುರೇಟರ್‌ನ ಗಾಳಿಯ ದಾರಿ ತೆರೆಯುವ ಸ್ಲೈಡ್ ಪೂರ್ತಿ ಏಳುವುದೇ ಇಲ್ಲ. ಕೊರತೆ ಮುಚ್ಚಲು ಅಡ್ಜಸ್ಟರ್ ಎಳೆದು ಹಿಡಿದರೆ ಹ್ಯಾಂಡಲ್ ತಿರುಗಿಸಿದಾಗ ಸ್ಲೈಡ್ ಮುಚ್ಚದೆ ಎಂಜಿನ್ ಜೋರಾಗಿಯೇ ಓಡುತ್ತದೆ. ಎಳೆತ ಹೆಚ್ಚಿರುವ ಲಿವರ್ ಕೊಡುವುದೇ ಸರಿಯಾದ ದಾರಿ. ಇನ್ನು ‘ಹೆಡ್‌ಲೈಟ್ ವೈರ್ ನೇರ ಜೋಡಣೆ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಸಿಆರ್ 500ಆರ್ ಎಂಜಿನ್‌ನ ವಿದ್ಯುತ್ ಹುಟ್ಟಿಸುವ ಸ್ಟೇಟರ್‌ನಲ್ಲಿ ಲೈಟಿಂಗ್ ಕಾಯಿಲ್ ಇಲ್ಲ. ಕಾಯಿಲ್ ಸುತ್ತಿಸಿ ರೆಗ್ಯುಲೇಟರ್ ಹಾಕದೆ ದೀಪ ಹತ್ತುವುದಿಲ್ಲ.

ರೇಡಿಯೇಟರ್ ಹೋಸ್ ಮತ್ತು ಎಕ್ಸಾಸ್ಟ್ ಪೈಪ್ ಬಗ್ಗೆ ನಮ್ಮ ತಕರಾರಿಲ್ಲ. ಅವು ಚೆನ್ನಾಗಿವೆ, ಎಲ್ಲೂ ತಾಗುವುದಿಲ್ಲ. ಆ ಭಾಗ ಮಾಡಿದವರ ಕೈಗೇ ಮೌಂಟ್ ಪ್ಲೇಟ್ ಕೆಲಸವನ್ನೂ ಕೊಟ್ಟಿದ್ದರೆ ಚೆನ್ನಾಗಿತ್ತು.

ನಾವು ಕೇಳುವುದು ಇಷ್ಟು. ನಿಜವಾದ ಅಳತೆಗೆ ಕಡೆದ ಮುಂದಿನ ಸ್ಪೇಸರ್, ಪಿವೋಟ್ ಬುಷ್, ಎರಡು ಬದಿಯ ಹೆಡ್ ಸ್ಟೇ, ಥ್ರಾಟಲ್ ಲಿವರ್, ದರ್ಜೆಯ ಗುರುತಿರುವ ಬೋಲ್ಟ್‌ಗಳು ಮತ್ತು 37 ಹಲ್ಲಿನ ಸ್ಪ್ರಾಕೆಟ್ ಕಳುಹಿಸಿ. ಆಗದಿದ್ದರೆ ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ ಹಿಂದಿರುಗಿಸಿ. ಇದಕ್ಕಿಂತ ಮೊದಲು, ಇದೇ ಬ್ಯಾಚಿನ ಕಿಟ್ ಕೊಂಡ ಎಲ್ಲರಿಗೂ ‘ಸಂದು ಇದ್ದರೆ ಬಿಗಿಯಬೇಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ’ ಎಂದು ಲಿಖಿತವಾಗಿ ತಿಳಿಸಿ. ನಮ್ಮ ಹಣ ತಡವಾದರೂ ಕಾಯುತ್ತೇವೆ, ಈ ಎಚ್ಚರಿಕೆ ತಡವಾಗಬಾರದು.

ಅಳತೆಗಳ ಫೋಟೋ, ನಿಮ್ಮ ಸಹಾಯ ವಿಭಾಗದ ಉತ್ತರದ ಪ್ರತಿ ಮತ್ತು ಖರೀದಿ ರಸೀದಿ ಲಗತ್ತಿಸಿದ್ದೇವೆ. ಸ್ಪೇಸರ್ ಮತ್ತು ಬುಷ್‌ಗಳನ್ನು ಬಂದ ಸ್ಥಿತಿಯಲ್ಲೇ ಇಟ್ಟಿದ್ದೇವೆ. ಪರೀಕ್ಷೆಗೆ ಬೇಕಾದರೆ ಕಳುಹಿಸುತ್ತೇವೆ. 15 ದಿನದೊಳಗೆ ಲಿಖಿತ ಉತ್ತರ ಕೊಡಿ.

ಇತಿ,
ನಿಮ್ಮ ಕಿಟ್ ಕೊಂಡ ಗ್ರಾಹಕರು