ಶಾಲೆ ಮುಗಿದ ಮೇಲೂ ಹೆಣ್ಣುಮಕ್ಕಳಿಗೆ ಮೈದಾನ ಬೇಕು

ಮಾನ್ಯ ಸಂಪಾದಕರೇ,

ಪ್ರೌಢಶಾಲೆಯಲ್ಲಿ ಥ್ರೋಬಾಲ್, ಕೊಕ್ಕೊ ಆಡಿ ತಾಲ್ಲೂಕು ಮಟ್ಟದ ಕ್ರೀಡಾಕೂಟದವರೆಗೆ ಹೋಗಿಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಆಟ ಎಸ್ಸೆಸ್ಸೆಲ್ಸಿಯೊಂದಿಗೇ ನಿಂತುಹೋಗುತ್ತದೆ. ಮತ್ತೆ ಮೈ ಬಗ್ಗಿಸಿ ಓಡುವ ಮಾತು ಬರುವುದು ಸಕ್ಕರೆ ಕಾಯಿಲೆಯೋ ಮಂಡಿನೋವೋ ಕಾಣಿಸಿಕೊಂಡು ವೈದ್ಯರು ಎಚ್ಚರಿಸಿದಾಗಲೇ. ‘ದಿನವಿಡೀ ಮನೆಗೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಏಕೆ’ ಎನ್ನುವವರು ಇಂದಿಗೂ ಇದ್ದಾರೆ. ಆದರೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ನಿಯತಕಾಲಿಕ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಮನೆಗೆಲಸವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ, ದೇಶದ ವಯಸ್ಕ ಮಹಿಳೆಯರಲ್ಲಿ ಸುಮಾರು ಶೇ 57ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ 42.

ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಅಥವಾ 75 ನಿಮಿಷ ಬಿರುಸಿನ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರದಲ್ಲಿ ಮೂರು ಸಂಜೆ ಒಂದೊಂದು ಗಂಟೆ ಆಡಿದರೆ ಇಷ್ಟು ಸಲೀಸಾಗಿ ಆಗುತ್ತದೆ. ನಮ್ಮೂರಿನ ಶಾಲೆಯೊಂದರ ಹಿಂಬದಿಯಲ್ಲಿ, ಬೇವಿನ ಮರಕ್ಕೂ ಕಬ್ಬಿಣದ ಕಂಬಕ್ಕೂ ಬಲೆ ಕಟ್ಟಿಕೊಂಡು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು, ಗೃಹಿಣಿಯರು ಥ್ರೋಬಾಲ್ ಆಡುತ್ತಾರೆ. ಎರಡೂ ಕೈಯಲ್ಲಿ ಹಿಡಿದ ಚೆಂಡನ್ನು 3 ಸೆಕೆಂಡಿನೊಳಗೆ ಬಲೆಯಾಚೆ ಎಸೆಯಲೇಬೇಕಾದ್ದರಿಂದ ಕಾಲು, ಸೊಂಟ, ಭುಜ ಯಾವುದಕ್ಕೂ ಬಿಡುವಿರುವುದಿಲ್ಲ. ದುಡಿಯುವ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಮುಟ್ಟು ನಿಂತ ಮೇಲೆ ಬೇಗ ಸವೆಯತೊಡಗುವ ಮೂಳೆಗಳಿಗೆ ನೆಗೆತ, ಓಟಗಳ ಒತ್ತಡ ಬಲ ನೀಡುತ್ತದೆ. ಒಬ್ಬರೇ ವಾಕಿಂಗ್ ಹೋಗುವವರು ಮೋಡ ಕವಿದರೂ ಮನೆಯಲ್ಲೇ ಉಳಿದುಬಿಡುತ್ತಾರೆ, ಇಲ್ಲಿ ಒಬ್ಬರು ಬಾರದಿದ್ದರೆ ಉಳಿದವರೆಲ್ಲ ಫೋನ್ ಮಾಡಿ ಕರೆಸಿಕೊಳ್ಳುತ್ತಾರೆ. ಮನೆಯ ಚಿಂತೆ ಮರೆತು ಜೋರಾಗಿ ನಗುವ ಅವಕಾಶ ಅವರಲ್ಲಿ ಹಲವರಿಗೆ ಬೇರೆಲ್ಲೂ ಸಿಗುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ತೊಡಕಿರುವುದು ಜಾಗದ್ದು. ತಾಲ್ಲೂಕು ಕೇಂದ್ರಗಳ ಕ್ರೀಡಾಂಗಣಗಳನ್ನು ಸಂಜೆ ಹೊತ್ತು ಹುಡುಗರ ಕ್ರಿಕೆಟ್ ಆವರಿಸಿರುತ್ತದೆ (ಅವರು ಆಡಬಾರದೆಂದು ನಾನು ಹೇಳುತ್ತಿಲ್ಲ). ಶಾಲೆಗಳ ಗೇಟಿಗೆ ಐದು ಗಂಟೆಗೆಲ್ಲ ಬೀಗ ಬೀಳುತ್ತದೆ. ಶಾಲಾಭಿವೃದ್ಧಿ ಸಮಿತಿಗಳು ಸ್ಥಳೀಯ ಸಂಸ್ಥೆಗಳೊಡನೆ ಕೂಡಿ, ವಾರಕ್ಕೆ ಮೂರು ಸಂಜೆ ಐದೂವರೆಯಿಂದ ಏಳರವರೆಗೆ ಮೈದಾನವನ್ನು ಮಹಿಳೆಯರಿಗೆಂದೇ ತೆರೆದಿಟ್ಟು, ಎರಡು ದೀಪ, ನೀರಿರುವ ಒಂದು ಶೌಚಾಲಯ ಒದಗಿಸಿ, ಬೀಗದ ಕೈಯ ಹೊಣೆಯನ್ನು ಒಬ್ಬರಿಗೆ ವಹಿಸಿದರೆ ಸಾಕು. ಇದಕ್ಕೆ ಕೋಟಿಗಟ್ಟಲೆ ರೂಪಾಯಿಯ ಹೊಸ ಕ್ರೀಡಾಂಗಣ ಬೇಕಿಲ್ಲ. ಶಾಲಾ ಶಿಕ್ಷಣ ಇಲಾಖೆಯೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ಸೇರಿ ಈ ಶೈಕ್ಷಣಿಕ ವರ್ಷದಲ್ಲೇ ಈ ಕುರಿತು ಸ್ಪಷ್ಟ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ತುಮಕೂರು ಜಿಲ್ಲೆ